ಓಕ್ ವೆನೀರ್ ಬಾಗಿಲಿಗೆ ಯಾವ ಪಾಲಿಶ್? ಮೊದಲು ಬಣ್ಣ ತೀರ್ಮಾನಿಸಿ, ಆಮೇಲೆ ಡಬ್ಬ

ಪ್ರಶ್ನೆ: ಮೈಸೂರಿನ ವಿಜಯನಗರದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮುಂಬಾಗಿಲು ತೇಗದ್ದು. ಒಳಗಿನ ಐದು ಬಾಗಿಲಿಗೆ ಫ್ಲಶ್ ಡೋರ್ ಮೇಲೆ ಎರಡೂ ಕಡೆ ಓಕ್ ವೆನೀರ್ (ತೆಳ್ಳನೆ ಮರದ ಹಾಳೆ) ಅಂಟಿಸಿದ್ದಾರೆ. ಮೂರು ಮಲಗುವ ಕೋಣೆ, ಒಂದು ದೇವರಮನೆ, ಒಂದು ಬಚ್ಚಲುಮನೆ. ಚೌಕಟ್ಟು ಹೊನ್ನೆ ಮರದ್ದು. ಬಡಗಿ ಮೆಲಮೈನ್ ಪಾಲಿಶ್ ಸಾಕು ಅನ್ನುತ್ತಾರೆ, ಪಾಲಿಶ್‌ನವರು ಪಿಯು (ಪಾಲಿಯುರೆಥೇನ್) ಮಾಡಿಸಿ ಅನ್ನುತ್ತಾರೆ. ಮಗಳಿಗೆ ಈಗಿರುವ ತಿಳಿ ಬಣ್ಣವೇ ಉಳಿಯಬೇಕಂತೆ. ಯಜಮಾನರಿಗೆ ಮುಂಬಾಗಿಲಿನ ಬಣ್ಣಕ್ಕೆ ಹೊಂದಬೇಕಂತೆ. ಕಾರ್ತಿಕದಲ್ಲಿ ಗೃಹಪ್ರವೇಶ. ಏನು ಮಾಡೋಣ?

ಉತ್ತರ: ನನ್ನ ಓಟು ನಿಮ್ಮ ಮಗಳಿಗೆ.

ಓಕ್ ತಂದು ಅದಕ್ಕೆ ತೇಗದ ಬಣ್ಣ ಹಾಕುವುದಾದರೆ ತೇಗದ ವೆನೀರನ್ನೇ ತರಬಹುದಿತ್ತು ಅಲ್ವಾ? ಓಕ್‌ನಲ್ಲಿ ಕಣ್ಣಿಗೆ ಕಾಣುವಷ್ಟು ದೊಡ್ಡ ರಂಧ್ರಗಳು ಸಾಲುಸಾಲಾಗಿ ಇರುತ್ತವೆ. ಮರ ಪ್ರತಿ ವರ್ಷ ಬೆಳೆಯಲು ಶುರು ಮಾಡುವಾಗ ಮೂಡುವ ರಂಧ್ರಗಳು ಅವು. ಗಾಢ ಬಣ್ಣದ ಸ್ಟೇನ್ (ಮರಕ್ಕೆ ಹೀರಿಸುವ ಬಣ್ಣ) ಹಾಕಿದರೆ ಅದು ಈ ರಂಧ್ರಗಳಲ್ಲಿ ಕೂತು ಗೆರೆಗಳು ಕಪ್ಪಗಾಗುತ್ತವೆ. ನಡುವಿನ ಗಟ್ಟಿ ಭಾಗ ಅಷ್ಟು ಹೀರುವುದಿಲ್ಲ. ಕೊನೆಗೆ ಬಾಗಿಲು ತೇಗವೂ ಅಲ್ಲ, ಓಕೂ ಅಲ್ಲ ಅನ್ನುವ ಹಾಗೆ ಕಾಣುತ್ತದೆ. ಯಜಮಾನರಿಗೆ ಹೀಗೆ ಹೇಳಿ: ಮುಂಬಾಗಿಲಿಗೂ ಒಳಬಾಗಿಲಿಗೂ ಬಣ್ಣ ಹೊಂದಿಸುವುದು ಬೇಡ, ಹೊಳಪು ಹೊಂದಿಸೋಣ. ಎರಡಕ್ಕೂ ಸ್ಯಾಟಿನ್, ಅಂದರೆ ಫಳಫಳವೂ ಅಲ್ಲದ ಮಂಕೂ ಅಲ್ಲದ ನಡುವಿನ ಹೊಳಪು ಮಾಡಿಸಿದರೆ ಬಣ್ಣ ಬೇರೆಯಾದರೂ ಒಂದೇ ಮನೆಯ ಬಾಗಿಲು ಅನ್ನಿಸುತ್ತದೆ. ಒಂದು ಫಳಫಳ, ಇನ್ನೊಂದು ಮಂಕು ಆದರೆ ಮಾತ್ರ ಕಣ್ಣಿಗೆ ಹೊಡೆಯುವುದು.

ಮೆಲಮೈನೋ ಪಿಯುವೋ ಅನ್ನುವುದಕ್ಕೆ ಮೊದಲು ಇನ್ನೊಂದು ವಿಷಯ ಗೊತ್ತಾಗಬೇಕು. ನಿಮ್ಮ ಬಾಗಿಲ ಮೇಲಿರುವುದು ನಿಜವಾದ ಓಕಾ ಅಥವಾ ರೀಕಾನ್ ವೆನೀರಾ? ಅಂಗಡಿಯಲ್ಲಿ ಎರಡಕ್ಕೂ ಓಕ್ ಅಂತಲೇ ಹೇಳುವುದುಂಟು. ರೀಕಾನ್ ಅಂದರೆ ಪಾಪ್ಲರ್‌ನಂಥ ಬೇಗ ಬೆಳೆಯುವ ಮೆದು ಮರವನ್ನು ತೆಳ್ಳಗೆ ಸೀಳಿ, ಬಣ್ಣದಲ್ಲಿ ಅದ್ದಿ, ಒಂದರ ಮೇಲೊಂದು ಅಂಟಿಸಿ ದಿಮ್ಮಿ ಮಾಡಿ, ಮತ್ತೆ ಸೀಳಿದ್ದು. ಓಕ್‌ನ ಗೆರೆಗಳನ್ನು ಅದರಲ್ಲಿ ಕೃತಕವಾಗಿ ಮೂಡಿಸಿರುತ್ತಾರೆ. ಕೆಟ್ಟ ಮಾಲು ಅಂತ ನಾನು ಹೇಳುತ್ತಿಲ್ಲ. ಆದರೆ ಅದರ ನಡವಳಿಕೆಯೇ ಬೇರೆ. ಐದೂ ಬಾಗಿಲನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿ. ಗೆರೆ ಎಲ್ಲದರಲ್ಲೂ ಅಚ್ಚೊತ್ತಿದ ಹಾಗೆ ಒಂದೇ ಥರ ಇದ್ದರೆ ರೀಕಾನ್ ಇರಬಹುದು. ಉಗುರಿನಿಂದ ಗೆರೆಗೆ ಅಡ್ಡಲಾಗಿ ಎಳೆದಾಗ ಸಣ್ಣ ಸಣ್ಣ ಗುಳಿ ತಗುಲಿದರೆ, ಒಂದು ಹಾಳೆಗೂ ಇನ್ನೊಂದಕ್ಕೂ ವ್ಯತ್ಯಾಸ ಇದ್ದರೆ ನಿಜವಾದ ಓಕ್. ಇನ್ನೂ ಅನುಮಾನ ಇದ್ದರೆ ಉಳಿದ ತುಂಡಿನ ಮೇಲೆ ಥಿನ್ನರ್‌ನಲ್ಲಿ ಅದ್ದಿದ ಬಿಳಿ ಬಟ್ಟೆ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಅದು ಬಣ್ಣ ಹಾಕಿದ ಮಾಲು. ಅಂಥದ್ದರ ಮೇಲೆ ಥಿನ್ನರ್ ಜಾಸ್ತಿ ಸುರಿದು ಮೊದಲ ಕೋಟ್ ಹೊಡೆದರೆ ಬಣ್ಣ ಹರಡಬಹುದು. ಬಿಸಿಲು ಬೀಳುವ ಕೋಣೆಯಲ್ಲಿ ಅದು ಕ್ರಮೇಣ ಮಾಸುತ್ತದೆ ಕೂಡ.

ನಿಮ್ಮದು ನಿಜವಾದ ಓಕ್ ಅಂದುಕೊಂಡು ಮುಂದುವರಿಯುತ್ತೇನೆ.

ಮಗಳು ಇಷ್ಟಪಟ್ಟಿರುವುದು ಒಣ ಮರದ ಬಣ್ಣವನ್ನು. ಇಲ್ಲೇ ಸಾಕಷ್ಟು ಜಗಳ ಹುಟ್ಟುವುದು. ಬಣ್ಣವೇ ಇಲ್ಲದ ಕ್ಲಿಯರ್ ಪಾಲಿಶ್ ಹಾಕಿದರೂ ಮರ ಒದ್ದೆಯಾದಾಗ ಕಾಣುವ ಬಣ್ಣಕ್ಕೆ ತಿರುಗುತ್ತದೆ. ಬೂದು ಮಿಶ್ರಿತ ತಿಳಿ ಬಣ್ಣ ಹೋಗಿ ಜೇನಿನ ಛಾಯೆ ಬರುತ್ತದೆ. ರೆಡ್ ಓಕ್ ಆದರೆ ಗುಲಾಬಿ ಛಾಯೆ ಎದ್ದು ಕಾಣುತ್ತದೆ. ಈಗಲೇ ಒಂದು ತುಂಡನ್ನು ಒದ್ದೆ ಬಟ್ಟೆಯಿಂದ ಒರೆಸಿ ಮಗಳಿಗೆ ತೋರಿಸಿ. "ಇದು ಓಕೆ" ಅಂದರೆ ಯಾವ ಒಳ್ಳೆ ಕ್ಲಿಯರ್ ಪಾಲಿಶ್ ಆದರೂ ನಡೆಯುತ್ತದೆ. "ಊಹೂಂ, ಒಣಗಿದ್ದಾಗ ಇದ್ದ ಹಾಗೇ ಬೇಕು" ಅಂದರೆ ದಾರಿ ಕಿರಿದಾಗುತ್ತದೆ. ನೀರು ಆಧಾರಿತ ಮ್ಯಾಟ್ ಪಾಲಿಶ್ ಬಣ್ಣವನ್ನು ಕಮ್ಮಿ ಬದಲಿಸುತ್ತದೆ. ಅಥವಾ ಸೀಲರ್‌ನಲ್ಲಿ (ಟಾಪ್ ಕೋಟ್‌ಗೆ ಮೊದಲು ಕೆಳಗೆ ಬಳಿಯುವ ಕೋಟ್) ಚೂರೇ ಚೂರು ಬಿಳಿ ಪಿಗ್ಮೆಂಟ್ ಬೆರೆಸಿ ಆ ಜೇನು ಛಾಯೆಯನ್ನು ತಗ್ಗಿಸಬೇಕು. ಬಿಳಿ ಜಾಸ್ತಿ ಆದರೆ ರಂಧ್ರಗಳಲ್ಲೆಲ್ಲ ಸುಣ್ಣ ತುಂಬಿದ ಹಾಗೆ ಕಾಣುತ್ತದೆ. ಅದನ್ನೇ ಬೇಕೂಂತ ಮಾಡುವವರೂ ಇದ್ದಾರೆ, ಲೈಮ್ಡ್ ಓಕ್ ಅಂತ ಅದಕ್ಕೆ ಹೆಸರು. ಹೊನ್ನೆ ಚೌಕಟ್ಟಿನ ಪಕ್ಕದಲ್ಲಿ ಅದು ನನಗೆ ಸರಿ ಕಾಣುವುದಿಲ್ಲ.

ಈಗ ಡಬ್ಬದ ಮಾತು.

ಮೆಲಮೈನ್ ನಮ್ಮ ಕಡೆ ಎಲ್ಲ ಪಾಲಿಶ್‌ನವರ ಕೈಗೂ ಪಳಗಿದ್ದು. ಬೇಗ ಒಣಗುತ್ತದೆ, ಖರ್ಚು ಕಮ್ಮಿ. ಆಸಿಡ್ ಹಾರ್ಡ್ನರ್ ಬೆರೆಸಿದ ಮೇಲೆ ಗಟ್ಟಿಯಾಗುತ್ತದೆ, ಆಗ ಫಾರ್ಮಾಲ್ಡಿಹೈಡ್ ಹೊರಬಿಡುತ್ತದೆ. ಕೆಲಸ ನಡೆದ ಮನೆಗೆ ಹೋದರೆ ಕಣ್ಣು ಉರಿಯುವುದು ಅದಕ್ಕೇ. ಪದರ ಗಟ್ಟಿ ಏನೋ ಹೌದು, ಆದರೆ ಪೆಡಸು. ಬಾಗಿಲ ಅಂಚಿಗೆ ಬಕೆಟ್ ಬಡಿದರೆ ಚಕ್ಕೆ ಏಳಬಹುದು. ತಿಳಿ ಓಕ್‌ಗೆ ಇನ್ನೂ ದೊಡ್ಡ ತೊಂದರೆ ಅಂದರೆ ವರ್ಷ ಕಳೆದಂತೆ ಹಳದಿಗೆ ತಿರುಗುವುದು. ತೇಗದ ಮೇಲೆ ಈ ಹಳದಿ ಗೊತ್ತೇ ಆಗುವುದಿಲ್ಲ. ಹಾಗಾಗಿ ನಿಮ್ಮ ಬಡಗಿ ಹೇಳಿದ್ದು ತೇಗದ ಮಟ್ಟಿಗೆ ಸರಿ, ಓಕ್ ಮಟ್ಟಿಗೆ ಅಲ್ಲ.

ಪಿಯು ಅಂದರೆ ಇಲ್ಲಿ ಎರಡು ಡಬ್ಬದ ಪಾಲಿಯುರೆಥೇನ್, ಒಂದರಲ್ಲಿ ಪಾಲಿಶ್, ಇನ್ನೊಂದರಲ್ಲಿ ಹಾರ್ಡ್ನರ್. ಬಾಗುವ ಗುಣವೂ ಇದೆ, ಗೀರು ತಡೆಯುವ ಗುಣವೂ ಇದೆ. ನೀರು, ಎಣ್ಣೆ, ಕೈಬೆವರು ಎಲ್ಲಕ್ಕೂ ಜಗ್ಗುವುದಿಲ್ಲ. ಬೆಲೆ ಜಾಸ್ತಿ. ಪಿಯು ಅಂದ ಮಾತ್ರಕ್ಕೆ ಹಳದಿ ಆಗುವುದಿಲ್ಲ ಅಂತ ನಂಬಬೇಡಿ. ಅದರಲ್ಲೂ ಎರಡು ಜಾತಿ. ಅಗ್ಗದ ಅರೋಮ್ಯಾಟಿಕ್ ಹಾರ್ಡ್ನರ್ ಇರುವುದು ಬೆಳಕಿಗೆ ಹಳದಿಯಾಗುತ್ತದೆ. ಅಲಿಫ್ಯಾಟಿಕ್ ಆಗುವುದಿಲ್ಲ. ಅಂಗಡಿಯಲ್ಲಿ "ನಾನ್ ಯೆಲ್ಲೋಯಿಂಗ್ ಕೊಡಿ" ಅಂತ ಕೇಳಿ, ಡಬ್ಬದ ಮೇಲೆ ಓದಿ ನೋಡಿ. ಬರೀ ಟಾಪ್ ಕೋಟ್ ಮಾತ್ರ ಅಲ್ಲ, ಕೆಳಗಿನ ಸೀಲರ್ ಕೂಡ ಅದೇ ಗುಣದ್ದಾಗಿರಬೇಕು. ಮೇಲೆ ದುಬಾರಿ ಕೋಟ್ ಹಾಕಿ ಕೆಳಗೆ ಸುಮ್ನೆ ಯಾವುದೋ ಎನ್‌ಸಿ (ನೈಟ್ರೋಸೆಲ್ಯುಲೋಸ್) ಸ್ಯಾಂಡಿಂಗ್ ಸೀಲರ್ ಬಳಿದರೆ ಹಳದಿ ಕೆಳಗಿನಿಂದಲೇ ಬರುತ್ತದೆ. ಹಿಡಿತವೂ ಸಡಿಲವಾಗುತ್ತದೆ.

ನೀರು ಆಧಾರಿತ ಪಾಲಿಶ್ ವಾಸನೆ ಕಮ್ಮಿ, ಬಣ್ಣ ತಿಳಿ. ಮನೆಯಲ್ಲಿ ಆಸ್ತಮಾ ಇರುವವರು ಇದ್ದರೆ ನಾನು ಇದನ್ನೇ ಹೇಳುತ್ತೇನೆ. ಆದರೆ ಮೊದಲ ಕೋಟ್‌ಗೆ ಮರದ ನಾರು ಎದ್ದು ನಿಲ್ಲುತ್ತದೆ. ತೆಳ್ಳಗೆ ಒಂದು ಕೈ ಹೊಡೆದು, ಒಣಗಿಸಿ, ಹಗುರವಾಗಿ ಪೇಪರ್ ಉಜ್ಜಿ ಮುಂದುವರಿಯಬೇಕು. ಇದನ್ನು ಮಾಡಿ ಅನುಭವ ಇರುವವರು ಸಿಕ್ಕರೆ ಮಾತ್ರ ಮಾಡಿಸಿ.

ಹಾರ್ಡ್‌ವ್ಯಾಕ್ಸ್ ಆಯಿಲ್ (ಎಣ್ಣೆ, ಮೇಣ ಬೆರೆತ ಪಾಲಿಶ್) ನನಗೆ ವೈಯಕ್ತಿಕವಾಗಿ ಇಷ್ಟ. ಮುಟ್ಟಿದರೆ ಪ್ಲಾಸ್ಟಿಕ್ ಅಲ್ಲ, ಮರ ಅನ್ನಿಸುತ್ತದೆ. ಗೀರು ಬಿದ್ದರೆ ಅಷ್ಟೇ ಜಾಗಕ್ಕೆ ಮತ್ತೆ ಹಚ್ಚಬಹುದು. ಆದರೂ ನಿಮ್ಮ ಮನೆಗೆ ಬೇಡ, ಯಾಕೆ ಅಂತ ಅರಿಶಿನದ ಮಾತು ಬಂದಾಗ ಹೇಳುತ್ತೇನೆ. ಯಾರಾದರೂ ಬಳಸಿದರೆ ಎಣ್ಣೆ ಹತ್ತಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲದು. ನೀರಲ್ಲಿ ನೆನೆಸಿ, ಹೊರಗೆ ಹರಡಿ ಒಣಗಿಸಿ.

ಹಳಬರು ಅರಗಿನ ಫ್ರೆಂಚ್ ಪಾಲಿಶ್ ನೆನಪಿಸಬಹುದು. ಅರಗಿಗೂ ನಮ್ಮ ಊರಿಗೂ ಹಳೇ ನಂಟು. ಚುನಾವಣೆಯ ಶಾಯಿಗೆ ಹೆಸರಾದ ಮೈಸೂರು ಪೇಂಟ್ಸ್ ಕಾರ್ಖಾನೆ 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಶುರುವಾದದ್ದು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಅಂತ. ಹಳೇ ಬೀಟೆ ಕುರ್ಚಿಗೆ ಅರಗಿನ ಪಾಲಿಶ್‌ಗೆ ಸಾಟಿ ಇಲ್ಲ. ದಿನಾ ಒದ್ದೆ ಕೈ ತಾಗುವ ಬಾಗಿಲಿಗೆ ಅದು ಆಗಿಬರುವುದಿಲ್ಲ, ನೀರು ಬಿದ್ದ ಕಡೆ ಬೆಳ್ಳಗಾಗುತ್ತದೆ.

ಹಾಗಾಗಿ ನಿಮ್ಮ ಮಲಗುವ ಕೋಣೆ ಮತ್ತು ದೇವರಮನೆಗೆ: ಸ್ಟೇನ್ ಇಲ್ಲದೆ, ಹಳದಿಯಾಗದ ಪಿಯು, ಸ್ಯಾಟಿನ್ ಹೊಳಪು, ರಂಧ್ರ ಪೂರ್ತಿ ಮುಚ್ಚದೆ. ಪೂರ್ತಿ ಮ್ಯಾಟ್ ಫೋಟೋದಲ್ಲಿ ಚೆಂದ. ಹ್ಯಾಂಡಲ್ ಸುತ್ತ ಕೈ ಸವೆದು ಸವೆದು ಅಲ್ಲಿ ಮಾತ್ರ ಹೊಳೆಯಲು ಶುರುವಾಗುತ್ತದೆ. ಸ್ಯಾಟಿನ್‌ನಲ್ಲಿ ಅದು ಅಷ್ಟು ಗೊತ್ತಾಗುವುದಿಲ್ಲ. ಹೈ ಗ್ಲಾಸ್ ಮಾಡಿಸಬೇಕಾದರೆ ಓಕ್‌ನ ರಂಧ್ರವೆಲ್ಲ ಫಿಲ್ಲರ್‌ನಿಂದ ಮುಚ್ಚಬೇಕು. ಕೋಟ್ ಮೇಲೆ ಕೋಟ್ ಹಾಕಬೇಕು. ಅಷ್ಟು ದುಡ್ಡು ಕೊಟ್ಟು ಓಕ್‌ನ ಮುಖವನ್ನೇ ಅಳಿಸಿದ ಹಾಗಾಯಿತು.

ಇನ್ನು ಕೆಲಸ ನಡೆಯುವಾಗ ನೀವು ನಿಂತು ನೋಡಬೇಕಾದ ಕೆಲವು ಸಂಗತಿ. ಬಾಗಿಲು ಹಾಳಾಗುವುದು ಜಾಸ್ತಿ ಇಲ್ಲಿ, ಡಬ್ಬದ ಆಯ್ಕೆಯಲ್ಲಿ ಅಲ್ಲ.

ಮೇಲಿನ ಓಕ್ ಪದರ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು, ಅಷ್ಟೆ. ಅದರ ಕೆಳಗಿರುವುದೆಲ್ಲ ಬೇರೆ ಮರದ ಪ್ಲೈ. 80 ಅಥವಾ 100 ನಂಬರ್‌ನ ಒರಟು ಉಪ್ಪುಕಾಗದ ಹಿಡಿದು ಮೆಷಿನ್ ಹಾಕಿದರೆ ಅಂಚಿನಲ್ಲಿ ಓಕ್ ಮುಗಿದು ಪ್ಲೈ ಇಣುಕುತ್ತದೆ. ಅದಕ್ಕೆ ಮದ್ದಿಲ್ಲ. 180ರಿಂದ ಶುರು ಮಾಡಿ 240ಕ್ಕೆ ನಿಲ್ಲಿಸಲಿ, ಗೆರೆಯ ಉದ್ದಕ್ಕೇ ಉಜ್ಜಲಿ, ಅಂಚನ್ನು ಕೈಯಿಂದಲೇ ಮಾಡಲಿ. ಉಜ್ಜಿದ ಮೇಲೆ ಟಾರ್ಚ್ ಅನ್ನು ಅಡ್ಡಲಾಗಿ ಹಿಡಿದು ನೋಡಿ. ಫೆವಿಕಾಲ್ ಕಲೆ ಉಳಿದಿದ್ದರೆ ಪಾಲಿಶ್ ಅಲ್ಲಿ ಒಳಗಿಳಿಯುವುದಿಲ್ಲ, ಬಿಳಿಚಿಕೊಂಡ ಮಚ್ಚೆಯಾಗಿ ಉಳಿಯುತ್ತದೆ.

ವೆನೀರ್ ಯಾವ ಅಂಟಿನಿಂದ ಹಚ್ಚಿದ್ದು ಅಂತಲೂ ಬಡಗಿಯನ್ನು ಕೇಳಿ. ಬಿಳಿ ಫೆವಿಕಾಲ್ ಹಾಕಿ ಭಾರ ಇಟ್ಟು ಒತ್ತಿದ್ದರೆ ಚಿಂತೆ ಇಲ್ಲ. ಬೇಗ ಹಿಡಿಯುತ್ತೆ ಅಂತ ರಬ್ಬರ್ ಅಂಟು ಬಳಸಿದ್ದರೆ, ಥಿನ್ನರ್ ಜಾಸ್ತಿ ಇರುವ ದಪ್ಪ ಕೋಟ್ ಅದನ್ನು ಮೆತ್ತಗೆ ಮಾಡಿ ಗುಳ್ಳೆ ಎಬ್ಬಿಸಬಹುದು. ಆಗ ತೆಳ್ಳನೆ ಕೋಟ್, ನಡುವೆ ಸಾಕಷ್ಟು ಬಿಡುವು.

ಥಿನ್ನರ್ ವಿಷಯದಲ್ಲಿ ರಾಜಿ ಬೇಡ. ಪಿಯುಗೆ ಪಿಯು ಥಿನ್ನರ್ರೇ ಆಗಬೇಕು. ಮಾಮೂಲಿ ಎನ್‌ಸಿ ಥಿನ್ನರ್‌ನಲ್ಲಿ ಆಲ್ಕೋಹಾಲ್ ಇರುತ್ತದೆ. ಅದು ಹಾರ್ಡ್ನರ್ ಜೊತೆ ಸೇರಿ ಅದರ ಶಕ್ತಿಯನ್ನೇ ತಿನ್ನುತ್ತದೆ, ಪದರ ಮೆತ್ತಗೆ ಉಳಿಯುತ್ತದೆ. ಸ್ಪ್ರೇ ಮಾಡುವವರು ಸರಿಯಾದ ಮಾಸ್ಕ್ ಹಾಕಿಕೊಳ್ಳಲಿ, ಮೂಗಿಗೆ ಕರ್ಚೀಫು ಕಟ್ಟಿದರೆ ಸಾಲದು. ಪಿಯು ಹಾರ್ಡ್ನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು. ಆ ಹೊತ್ತಿನಲ್ಲಿ ನೀವೂ ಮಕ್ಕಳೂ ಅತ್ತ ಸುಳಿಯಬೇಡಿ. ಸ್ಯಾಟಿನ್ ಡಬ್ಬವನ್ನು ಪ್ರತಿ ಸಲ ತಳದಿಂದ ಚೆನ್ನಾಗಿ ಕಲಕಲಿ. ಹೊಳಪು ತಗ್ಗಿಸುವ ಪುಡಿ ಕೆಳಗೆ ಕೂತಿರುತ್ತದೆ. ಕಲಕದೆ ಹೊಡೆದರೆ ಮೊದಲ ಬಾಗಿಲು ಹೊಳೆಯುತ್ತದೆ, ಕೊನೆಯದು ಮಂಕಾಗುತ್ತದೆ.

ಬಾಗಿಲಿಗೆ ಮುಖ ಎರಡಲ್ಲ, ಆರು. ಎರಡೂ ಬದಿಗೆ ಒಂದೇ ಪಾಲಿಶ್, ಒಂದೇ ಲೆಕ್ಕದ ಕೋಟ್. ಒಂದು ಬದಿ ಈ ವಾರ, ಇನ್ನೊಂದು ಬದಿ ಮುಂದಿನ ತಿಂಗಳು ಅಂತ ಬಿಟ್ಟರೆ ತೇವ ಒಂದೇ ಕಡೆ ಹೀರಿ ಬಾಗಿಲು ಸೊಟ್ಟಗಾಗುತ್ತದೆ. ಮೇಲಿನ ಅಂಚು, ಹೊಸ್ತಿಲ ಕಡೆಯ ಅಂಚು, ಬೀಗಕ್ಕೆ ಕೊರೆದ ಗುಂಡಿಯ ಒಳಭಾಗ, ಎಲ್ಲಕ್ಕೂ ಕನಿಷ್ಠ ಎರಡು ಕೈ ಸೀಲರ್ ಬೀಳಬೇಕು. ಯಾರಿಗೂ ಕಾಣದ ಜಾಗ ಅಂತ ಬಿಟ್ಟುಬಿಡುವುದೇ ಮಾಮೂಲು. ದಿನಾ ಮನೆ ಒರೆಸುವ ನೀರು ಒಳಗೆ ಹೋಗುವುದು ಅಲ್ಲಿಂದಲೇ.

ಓಕ್‌ಗೆ ಕಬ್ಬಿಣ ಆಗದು. ಈ ಮರದಲ್ಲಿ ಟ್ಯಾನಿನ್ ಅನ್ನುವ ಒಗರು ಅಂಶ ಜಾಸ್ತಿ. ಕಬ್ಬಿಣವೂ ನೀರೂ ಸೇರಿದರೆ ನೀಲಿಗಪ್ಪು ಕಲೆ ಬೀಳುತ್ತದೆ. ಹಾಗಾಗಿ ಸ್ಟೀಲ್ ಉಲ್ ಬೇಡ, ಅದರ ಪುಡಿ ರಂಧ್ರದಲ್ಲಿ ಕೂತರೆ ಆಮೇಲೆ ಚುಕ್ಕಿ ಚುಕ್ಕಿ ಕಪ್ಪು. ಕೀಲು, ಸ್ಕ್ರೂ, ಚಿಲಕ ಎಲ್ಲ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆ ಇರಲಿ.

ಇದಕ್ಕೇ ಸೇರಿದ್ದು ಗೃಹಪ್ರವೇಶದ ಮಾತು. ಮಾವಿನ ತೋರಣ ಕಟ್ಟಲು ಯಾರೋ ಒಬ್ಬರು ಸುತ್ತಿಗೆ, ಮೊಳೆ ಹಿಡಿದುಕೊಂಡು ಬಂದೇ ಬರುತ್ತಾರೆ. ಮೊದಲೇ ಚೌಕಟ್ಟಿನ ಮೇಲ್ಭಾಗಕ್ಕೆ ಎರಡೆರಡು ಹಿತ್ತಾಳೆ ಕೊಕ್ಕೆ ಹಾಕಿಸಿಬಿಡಿ. ಅರಿಶಿನ ಕುಂಕುಮ ಹಚ್ಚುವುದನ್ನು ಬೇಡ ಅನ್ನಲು ಆಗುತ್ತಾ? ಹಚ್ಚಲಿ. ಅರಿಶಿನದ ಬಣ್ಣ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಎಣ್ಣೆ ಪಾಲಿಶ್ ಮಾಡಿದ, ರಂಧ್ರ ತೆರೆದಿರುವ ಓಕ್ ಮೇಲೆ ಎಣ್ಣೆ ಕೈಯಿಂದ ಅರಿಶಿನ ಬಿದ್ದರೆ ಅದು ಒಳಗಿಳಿದು ಕೂರುತ್ತದೆ. ನಿಮಗೆ ಹಾರ್ಡ್‌ವ್ಯಾಕ್ಸ್ ಬೇಡ ಅಂದದ್ದು ಇದಕ್ಕೇ. ಗಟ್ಟಿಯಾದ ಪಿಯು ಮೇಲೆ ಬಿದ್ದದ್ದನ್ನು ಅದೇ ದಿನ ಸೋಪು ನೀರಿನ ಬಟ್ಟೆಯಿಂದ ಒರೆಸಿದರೆ ಬಹುಪಾಲು ಹೋಗುತ್ತದೆ. ತುಸು ಹಳದಿ ಉಳಿದರೂ ಬೆಳಕಿಗೆ ಮಾಸುತ್ತದೆ. ಕುಂಕುಮದ ಪುಡಿ ಗೆರೆಯೊಳಗೆ ಕೂರುತ್ತದೆ, ಅದನ್ನು ಮೆತ್ತನೆ ಬ್ರಷ್‌ನಿಂದ ಒಣಗಿದ್ದಾಗಲೇ ತೆಗೆಯಿರಿ. ದೇವರಮನೆ ಬಾಗಿಲಿಗೆ ಮಾತ್ರ ಇನ್ನೊಂದು ಟಾಪ್ ಕೋಟ್ ಜಾಸ್ತಿ ಹಾಕಿಸಿ ರಂಧ್ರ ಇನ್ನಷ್ಟು ತುಂಬುವ ಹಾಗೆ ಮಾಡಿದರೆ ಒರೆಸುವುದು ಸುಲಭ. ದೀಪದ ಹೊಗೆಯ ಜಿಡ್ಡೂ ಅಲ್ಲಿ ಇದ್ದದ್ದೇ.

ಕಾರ್ತಿಕಕ್ಕೆ ಗೃಹಪ್ರವೇಶ ಅಂದರೆ ಪಾಲಿಶ್ ಕೆಲಸ ದಸರಾ ಆಸುಪಾಸಿಗೆ ಬೀಳುತ್ತದೆ. ಮೈಸೂರಲ್ಲಿ ಅಕ್ಟೋಬರ್ ಅಂದರೆ ಒಳ್ಳೇ ಮಳೆ ತಿಂಗಳು. ಗಾಳಿಯಲ್ಲಿ ತೇವ ಇದ್ದಾಗ ಮೆಲಮೈನ್ ಅಥವಾ ಎನ್‌ಸಿ ಹೊಡೆದರೆ ಮಂಜು ಮುಸುಕಿದ ಹಾಗೆ ಬೆಳ್ಳಗಾಗುತ್ತದೆ. ಪಿಯು ಹಾರ್ಡ್ನರ್ ತೇವದ ಜೊತೆ ಸೇರಿ ಗ್ಯಾಸ್ ಹುಟ್ಟಿಸುತ್ತದೆ, ಸೂಜಿಮೊನೆಯಷ್ಟು ಗುಳ್ಳೆ ಬೀಳುತ್ತವೆ. ಸಾಧ್ಯವಾದರೆ ಬಾಗಿಲುಗಳನ್ನು ಬಿಚ್ಚಿ ಸ್ಪ್ರೇ ಬೂತ್ ಇರುವ ಕಡೆಗೆ ಕಳಿಸಿ. ಮನೆಯಲ್ಲೇ ಅಂದರೆ ಮಳೆ ಇಲ್ಲದ ದಿನ, ಬಿಸಿಲೇರಿದ ಮೇಲೆ ಶುರು ಮಾಡಿ ಮಧ್ಯಾಹ್ನ ಮೂರರೊಳಗೆ ಮುಗಿಸಲಿ. ಗೋಡೆಯ ಪುಟ್ಟಿ ಉಜ್ಜುವ ಕೆಲಸ ಮನೆಯಲ್ಲಿ ಎಲ್ಲಿಯೂ ನಡೆಯುತ್ತಿರಬಾರದು, ಆ ಧೂಳು ಎರಡು ಕೋಣೆ ದಾಟಿ ಬರುತ್ತದೆ. ಕೊನೇ ಕೋಟ್ ಆದ ಮೇಲೆ ಒಂದು ವಾರವಾದರೂ ಬಾಗಿಲಿಗೆ ಏನನ್ನೂ ಒರಗಿಸಬೇಡಿ, ಟೇಪ್ ಅಂಟಿಸಬೇಡಿ. ಆಯುಧಪೂಜೆಯ ವಾರದಲ್ಲಿ ಕೆಲಸದವರು ಸಿಗುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿದುಕೊಳ್ಳಿ.

ಬಚ್ಚಲುಮನೆ ಬಾಗಿಲಿಗೆ ಓಕ್ ವೆನೀರ್ ಹಾಕಬಾರದಿತ್ತು. ಹಾಕಿಯಾಗಿದೆ, ಸರಿ. ಒಳಬದಿಗೆ ವೆನೀರ್ ಮೇಲೆಯೇ 1 ಮಿಲಿಮೀಟರ್ ಲ್ಯಾಮಿನೇಟ್ ಅಂಟಿಸಿ, ಹೊರಬದಿಗೆ ಉಳಿದ ಬಾಗಿಲುಗಳ ಹಾಗೇ ಪಿಯು ಮಾಡಿಸಿ. ಎರಡರ ನಡುವೆ ತಡ ಮಾಡಬೇಡಿ. ಕೆಳಗಿನ ಅಂಚಿಗೆ ಮೂರು ಕೈ.

ಚೌಕಟ್ಟಿನ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೆ ಅದೂ ಮುಖ್ಯ. ಹೊನ್ನೆಯನ್ನು ಓಕ್ ಬಣ್ಣಕ್ಕೆ ತರಲು ಹೋಗಬೇಡಿ, ಗಾಢ ಮರವನ್ನು ತಿಳಿ ಮಾಡುವುದು ಸುಲಭವಲ್ಲ. ಅದರ ಬಣ್ಣ ಅದಕ್ಕಿರಲಿ, ಹೊಳಪು ಮಾತ್ರ ಬಾಗಿಲಿನದ್ದೇ ಇರಲಿ. ಒಂದು ಎಚ್ಚರ ಬೇಕು. ಸಕ್ಕರೆ ಕಾಯಿಲೆಗೆ ಅಂತ ಹೊನ್ನೆ ಮರದ ಲೋಟದಲ್ಲಿ ನೀರಿಟ್ಟು ಕುಡಿಯುವವರನ್ನು ನೋಡಿರುತ್ತೀರಿ, ಬೆಳಗಾಗುವಷ್ಟರಲ್ಲಿ ನೀರು ಬಣ್ಣಕ್ಕೆ ತಿರುಗಿರುತ್ತದೆ. ಆ ಬಣ್ಣವೇ ಒದ್ದೆ ಚೌಕಟ್ಟಿನಿಂದ ಪಕ್ಕದ ಗೋಡೆಗೂ ಇಳಿಯಬಹುದು. ಹಾಗಾಗಿ ಚೌಕಟ್ಟಿಗೆ ನೀರು ಆಧಾರಿತ ಪಾಲಿಶ್ ನೇರವಾಗಿ ಹಚ್ಚಬೇಡಿ. ಮೊದಲು ಪಿಯು ಸೀಲರ್ ಒಂದು ಕೈ ಹೊಡೆದು, ಒಣಗಿದ ಮೇಲೆಯೇ ಗೋಡೆಗೆ ಕೊನೇ ಪೇಂಟ್ ಮಾಡಿಸಿ.

ಪಾಲಿಶ್‌ನವರಿಗೆ ಮುಂಗಡ ಕೊಡುವ ಮೊದಲು ಅದೇ ವೆನೀರಿನ ಉಳಿದ ತುಂಡಿನ ಮೇಲೆ ಒಂದಡಿ ಅಗಲದ ಸ್ಯಾಂಪಲ್ ಮಾಡಿಸಿ. ಪೇಪರ್ ಉಜ್ಜುವುದರಿಂದ ಕೊನೇ ಕೋಟ್‌ವರೆಗೆ ಎಲ್ಲ ಹಂತವೂ ಅದರಲ್ಲಿ ಆಗಿರಬೇಕು. ಅಂಗಡಿಯ ಕ್ಯಾಟಲಾಗ್ ನೋಡಿ ಒಪ್ಪಬೇಡಿ. ಬೆಳಿಗ್ಗೆ ಕಿಟಕಿ ಹತ್ತಿರ, ರಾತ್ರಿ ನಿಮ್ಮ ಮನೆಗೆ ಹಾಕುವ ಎಲ್‌ಇಡಿ ಬೆಳಕಲ್ಲಿ, ಎರಡು ಸಲ ನೋಡಿ. ಒಪ್ಪಿಗೆಯಾದ ತುಂಡಿನ ಹಿಂದೆ ಇಬ್ಬರೂ ಸಹಿ ಮಾಡಿ ನೀವೇ ಇಟ್ಟುಕೊಳ್ಳಿ.

ದರ ಚದರಡಿ ಲೆಕ್ಕದಲ್ಲಿ ಹೇಳುತ್ತಾರೆ. 7 ಅಡಿಗೆ 3 ಅಡಿ ಬಾಗಿಲು ಅಂದರೆ ಒಂದು ಬದಿ 21, ಎರಡೂ ಬದಿ ಸೇರಿ 42 ಚದರಡಿ. ನಾಲ್ಕು ಬಾಗಿಲು ಪೂರ್ತಿ, ಬಚ್ಚಲುಮನೆಯದ್ದು ಒಂದು ಬದಿ, ಒಟ್ಟು 189 ಚದರಡಿ ಆಯಿತು. ಅಂಚುಗಳು ಇದರಲ್ಲೇ ಸೇರಿವೆಯಾ, ಚೌಕಟ್ಟಿಗೆ ಬೇರೆ ರನ್ನಿಂಗ್ ಫೀಟ್ ದರವಾ, ಎಷ್ಟು ಸೀಲರ್, ಎಷ್ಟು ಟಾಪ್ ಕೋಟ್, ಯಾವ ಕಂಪನಿಯ ಯಾವ ಹೆಸರಿನ ಡಬ್ಬ, ಎಲ್ಲ ಬರೆಸಿಕೊಳ್ಳಿ. ಡಬ್ಬ ನಿಮ್ಮ ಮುಂದೆಯೇ ತೆರೆಯಲಿ. ಉಳಿದ ಟಾಪ್ ಕೋಟ್ ಮತ್ತು ಹಾರ್ಡ್ನರ್ ಅನ್ನು ಬೆರೆಸದೆ ಬೇರೆ ಬೇರೆ ಡಬ್ಬದಲ್ಲಿ ಬಿಗಿಯಾಗಿ ಮುಚ್ಚಿ ಇಡಿ. ಮನೆ ಸಾಮಾನು ಸಾಗಿಸುವಾಗ ಒಂದಾದರೂ ಬಾಗಿಲಿಗೆ ಮಂಚದ ಕಾಲು ತಾಗುತ್ತದೆ, ಆಗ ಬೇಕಾಗುತ್ತದೆ. ಹಾರ್ಡ್ನರ್ ಮಾತ್ರ ಒಮ್ಮೆ ತೆರೆದ ಮೇಲೆ ಗಾಳಿಯ ತೇವಕ್ಕೇ ಕಟ್ಟಿಕೊಳ್ಳುತ್ತದೆ, ಅದನ್ನು ಬಹಳ ಕಾಲ ನಂಬಬೇಡಿ.